ಕೊಯ್ದ ಮುಖಕ್ಕೆ ಕೆಂಪು ಬಣ್ಣ

ಸೂಜಿ ಹೊರಗೆ ಬಂದಾಗ ಅದರ ತುದಿಯಲ್ಲಿ ಕೆಂಪು ಅಂಟಿತ್ತು.

ಸಾಸಿವೆ ಕಾಳಿನ ಅರ್ಧದಷ್ಟು ಇದ್ದೀತು. ತನಿಖಾಧಿಕಾರಿ ಅದನ್ನು ಬಿಳಿ ಕಾಗದದ ಮೇಲೆ ತಟ್ಟಿ ಉದುರಿಸಿ, ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ತುಕ್ಕಾ ಮೇಡಂ?" ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ ಕಾವಲಿನವನು ಕತ್ತು ಚಾಚಿದ.

"ತುಕ್ಕು ಇಷ್ಟು ಲಕ್ಷಣವಾಗಿರಲ್ಲ ಕಣಯ್ಯಾ," ಎಂದ ಮೇಸ್ತ್ರಿ. "ಅದು ಬಣ್ಣ. ನೀನು ನನ್ನ ಕಾಯೋ ಕೆಲಸ ನೋಡು. ಓಡಿಗೀಡಿ ಹೋದೇನು."

ಓಡುವ ಆಸಾಮಿಯಲ್ಲ ಅವನು. ಐವತ್ತೇಳು ವರ್ಷ, ಎಡ ಮಂಡಿ ಬಾಗುವುದಿಲ್ಲ. ಸೋಮವಾರ ಬೆಳಿಗ್ಗೆ ಎರಡನೇ ನಂಬರಿನ ಯುದ್ಧ ವಿಮಾನ ಇಳಿಯುವಾಗ ಅದರ ಒಂದು ಚಕ್ರದ ಕಾಲು ಮಡಚಿಕೊಂಡು, ವಿಮಾನ ಹೊಟ್ಟೆಯ ಮೇಲೆ ಜಾರಿ, ಪೈಲಟ್ ಬೆನ್ನುಮೂಳೆ ಮುರಿದುಕೊಂಡಿದ್ದ. ಆವತ್ತಿನಿಂದ ಮೇಸ್ತ್ರಿ ಕಾವಲು ಕೋಣೆಯಲ್ಲಿದ್ದಾನೆ. ಕಾಲಿನ ಪಿನ್ನನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ, ಅದಕ್ಕೇ ಮುರಿಯಿತು ಎನ್ನುವುದು ಆಪಾದನೆ.

ಆ ಪಿನ್ನು ಈಗ ಎರಡು ತುಂಡಾಗಿ ಮೇಜಿನ ಮೇಲಿತ್ತು. ಹೆಬ್ಬೆರಳಿನ ದಪ್ಪ, ಗೇಣಿನ ಉದ್ದ. ಚಕ್ರದ ಕಾಲು ಕೆಳಗಿಳಿದ ಮೇಲೆ ಮತ್ತೆ ಮಡಚಿಕೊಳ್ಳದಂತೆ ತಡೆಯುವುದು ಇದೊಂದೇ. ಹೊರಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೊಟ್ಟಣ ಹೊಸದು, ಮೊಹರು ಹೊಸದು, ಪ್ರಮಾಣಪತ್ರ ಹೊಸದು. ಗ್ರೀಸ್ ಹೋಗಲು ನಡುವೆ ಕೊರೆದಿದ್ದ ಸಣ್ಣ ತೂತಿನೊಳಗೆ ಮಾತ್ರ ಹಳೆಯದು ಉಳಿದುಕೊಂಡಿತ್ತು.

"ಹೆಣಕ್ಕೆ ಹಚ್ಚೋ ಬಣ್ಣ ಮೇಡಂ ಇದು," ಮೇಸ್ತ್ರಿಯ ದನಿ ತಗ್ಗಿತು. "ಬಿರುಕು ಕಂಡ ಸಾಮಾನನ್ನ ಬಿಚ್ಚಿದ ತಕ್ಷಣ ನಾವು ಇಲ್ಲೇ ಕೆಂಪು ಡಬ್ಬಿಯಲ್ಲಿ ಅದ್ದಿ ತೆಗೀತೀವಿ. ಆಮೇಲೆ ಅದು ಉಗ್ರಾಣಕ್ಕೆ ಹೋಗತ್ತೆ. ಅಲ್ಲಿ ಇಬ್ಬರು ಸಾಕ್ಷಿ ನಿಂತ್ಕೊಂಡು ಗರಗಸದಲ್ಲಿ ಕೊಯ್ಸಿ ಎರಡು ಹೋಳು ಮಾಡ್ತಾರೆ. ಮತ್ತೆ ಯಾರೂ ಬಳಸಬಾರದು ಅಂತ."

"ಇದನ್ನ ಯಾರೂ ಕೊಯ್ದಿಲ್ಲ."

"ಕೊಯ್ದಿಲ್ಲ. ಬಣ್ಣ ಕೆರೆದು, ಉಜ್ಜಿ, ಮೇಲೆ ಹೊಸ ಲೇಪ ಕೊಟ್ಟು ನನ್ನ ಕೈಗೇ ವಾಪಸ್ ಕೊಟ್ಟಿದ್ದಾರೆ." ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ನಾನೇ ಬಿಚ್ಚಿದ ಹೆಣವನ್ನ ನಾನೇ ಕೂರಿಸಿದೀನಿ."

ಅವಳು ಉಗ್ರಾಣದ ಸ್ವೀಕೃತಿ ಪುಸ್ತಕ ತೆರೆದಳು. ಮುರಿದ ಪಿನ್ನಿನ ಪೊಟ್ಟಣದ ಸಂಖ್ಯೆ ಹದಿನೇಳು. ಅದೇ ದಿನ, ಅದೇ ಕೈಬರಹದಲ್ಲಿ, ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಬಂದದ್ದು ಇನ್ನೊಂದೇ ಪೊಟ್ಟಣ. ಹದಿನೆಂಟು.

"ಕಳೆದ ತಿಂಗಳು ಎಷ್ಟು ಜೆಟ್ಟಿಗೆ ಪಿನ್ ಬದಲಾಯಿಸಿದ್ರಿ?"

"ಐದಕ್ಕೂ. ಒಂದೇ ವಾರದಲ್ಲಿ."

"ಹದಿನೆಂಟು ಯಾವುದಕ್ಕೆ ಹೋಯ್ತು?"

"ಪೊಟ್ಟಣ ಹರಿದು ಬಿಸಾಕಿದ ಮೇಲೆ ನಂಬರ್ ಯಾರಿಗೆ ನೆನಪಿರತ್ತೆ ಮೇಡಂ? ಉಗ್ರಾಣದ ಚೀಟಿಯಲ್ಲಿ ಬರೆದಿರತ್ತೆ. ಮೇಲಿನ ಹಾಳೆ ಸಾಮಾನಿನ ಜೊತೆ ಬಂದು ಗುಣಮಟ್ಟದ ಸಾಹೇಬ್ರ ಫೈಲಿಗೆ ಹೋಗತ್ತೆ."

ಗುಣಮಟ್ಟದ ಅಧಿಕಾರಿ ಸೋಮವಾರ ಮಧ್ಯಾಹ್ನವೇ ರಜೆ ಹಾಕಿ ಹೋಗಿದ್ದ. ಫೋನು ಬಂದ್. ಅವನ ಕಪಾಟನ್ನು ಅವಳು ನಿನ್ನೆಯೇ ಒಡೆಸಿದ್ದಳು. ಒಳಗೆ ಒಂದು ಛತ್ರಿ ಮತ್ತು ನಾಲ್ಕು ಖಾಲಿ ಫೈಲು.

ಗೋಡೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತು. ನಾಲ್ಕು ಗಂಟೆಗೆ ಉಳಿದ ನಾಲ್ಕೂ ಜೆಟ್ಟುಗಳು ಗಡಿಗೆ ಹೊರಡಬೇಕು.

ಅವಳು ಫೋನೆತ್ತಿಕೊಂಡಳು.

*

"ನಾಲ್ಕನ್ನೂ ನಿಲ್ಲಿಸಿ ಅಂತೀರಾ?" ಕಮಾಂಡರ್ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ಗಡಿಯಾಚೆ ಆರು ವಿಮಾನ ಬೆಳಿಗ್ಗೆಯಿಂದ ಸುತ್ತು ಹಾಕ್ತಿವೆ ಮೇಡಂ. ಆಕಾಶ ಖಾಲಿ ಬಿಟ್ಟು ನಾನು ಇಲ್ಲಿ ಕೂತ್ಕೊಂಡು ಪಿನ್ ಎಣಿಸೋಕಾಗಲ್ಲ."

"ಬಿಚ್ಚಿ ನೋಡೋಕೆ ಎಷ್ಟು ಹೊತ್ತು ಬೇಕು?"

"ಜ್ಯಾಕ್ ಮೇಲೆತ್ತಿ, ಕಾಲು ಕಳಚಿ, ಎಲ್ಲರೂ ಒಂದಕ್ಕೇ ಬಿದ್ದರೂ ಒಂದು ಗಂಟೆ. ನಾಲ್ಕಕ್ಕೆ ನಾಲ್ಕು ಗಂಟೆ. ನನ್ನ ಹತ್ರ ಇಲ್ಲ. ಮೂರು ಹೋದ್ರೆ ಹೇಗೋ ಸಂಭಾಳಿಸಬಹುದು. ಒಂದನ್ನ ನಿಲ್ಲಿಸ್ತೀನಿ. ಯಾವುದು ಅಂತ ಹೇಳಿ. ಸಂಶಯ ಬೇಡ, ನಂಬರ್ ಬೇಕು."

*

ಉಗ್ರಾಣದ ಹಿಂದೆ ಕಬ್ಬಿಣದ ಜಾಲರಿಯ ಪಂಜರ. ಕೊಯ್ದ ಸಾಮಾನುಗಳೆಲ್ಲ ಅದರೊಳಗೆ ರಾಶಿ ಬಿದ್ದಿದ್ದವು. ಎಲ್ಲವೂ ಕೆಂಪು. ಕಾವಲಿನವನ ಜೊತೆ ಬಂದಿದ್ದ ಮೇಸ್ತ್ರಿ ಮಂಡಿ ಹಿಡಿದುಕೊಂಡು, ಬೈಯುತ್ತ, ಒಂದೊಂದನ್ನೇ ಹೆಕ್ಕಿ ಕೊಟ್ಟ. ರದ್ದಾದ ಸಾಮಾನಿನ ಪುಸ್ತಕದ ಪ್ರಕಾರ ಕಳೆದ ತಿಂಗಳು ಬಿರುಕು ಕಂಡು ಕೊಯ್ದದ್ದು ಎರಡು ಪಿನ್ನು. ನಾಲ್ಕು ಹೋಳು ಇರಬೇಕು.

ನಾಲ್ಕು ಹೋಳೂ ಇದ್ದವು.

"ಲೆಕ್ಕ ಸರಿ ಇದೆಯಲ್ಲ!" ಮೇಸ್ತ್ರಿಯ ಮುಖ ಇಳಿಯಿತು. "ಕೊಯ್ದಿದ್ದಾರೆ ಹಾಗಾದ್ರೆ."

ಅವಳು ಲೋಹ ಪರೀಕ್ಷೆಯ ಕೋಣೆಯಲ್ಲಿ ಏಳು ವರ್ಷ ಕಳೆದವಳು. ಈ ನೆಲೆಗೆ ಬಂದು ಮೂರೇ ದಿನವಾಗಿದ್ದರೂ, ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಗರಗಸ' ಎನ್ನುತ್ತಿದ್ದರು. ಕೇಳಿದ್ದನ್ನೇ ಕೇಳಿ ಕೊಯ್ಯುತ್ತಾಳೆ ಎಂದು. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ.

ರಾಶಿಯಿಂದ ಬೇರೆ ಒಂದು ಹಳೆಯ ಬೋಲ್ಟಿನ ಹೋಳನ್ನು ಎತ್ತಿ, ಪಿನ್ನಿನ ಹೋಳಿನ ಪಕ್ಕದಲ್ಲಿ ಹಿಡಿದಳು. ಬೋಲ್ಟಿನ ಮೈ ಕೆಂಪು, ಕೊಯ್ದ ಮುಖ ಬರಿಯ ಲೋಹ. ಗರಗಸದ ಗೀರು ಎದ್ದು ಕಾಣುತ್ತಿತ್ತು. ಪಿನ್ನಿನ ಮೈಯೂ ಕೆಂಪು. ಕೊಯ್ದ ಮುಖವೂ ಕೆಂಪು.

"ಮೇಸ್ತ್ರಿ, ಮೊದಲು ಬಣ್ಣ, ಆಮೇಲೆ ಗರಗಸ. ಅಲ್ವಾ?"

"ಹೌದು."

"ಹಾಗಾದ್ರೆ ಕೊಯ್ದ ಮುಖಕ್ಕೆ ಬಣ್ಣ ಎಲ್ಲಿಂದ ಬಂತು?"

ಮೇಸ್ತ್ರಿ ಬಗ್ಗಿ ನೋಡಿದ. ಮೂವತ್ತು ವರ್ಷ ಈ ಪಂಜರದ ಮುಂದೆ ಓಡಾಡಿದವನಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

ಅವಳು ಚಾಕುವಿನಿಂದ ಮುಖವನ್ನು ಕೆರೆದಳು. ಬಣ್ಣದ ಕೆಳಗೆ ಕಪ್ಪಗೆ, ಒರಟು ಕಾಳು ಕಾಳಾದ ಲೋಹ. ಬೀಡು ಕಬ್ಬಿಣ. ವಿಮಾನದ ಪಿನ್ನೇ ಅಲ್ಲ, ಲಾರಿಯದೋ ಪಂಪಿನದೋ ಯಾವುದೋ ಕಡ್ಡಿ. ಮುಖ ಬರಿದಾಗಿ ಬಿಟ್ಟಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅದಕ್ಕೇ ಬಳಿದಿದ್ದಾರೆ.

"ಬೇರೆ ಎಲ್ಲೋ ಕೊಯ್ದು ತಂದು, ಆಮೇಲೆ ಬಣ್ಣ ಹಚ್ಚಿದ್ದಾರೆ," ಎಂದಳು. "ಸಾಕ್ಷಿ ಸಹಿ ಎರಡಿದೆ. ಒಂದು ರಜೆ ಮೇಲಿರೋರದು. ಇನ್ನೊಂದು?"

ಮೇಸ್ತ್ರಿ ಹೆಸರು ಹೇಳಬೇಕಾಗಿರಲಿಲ್ಲ. ಗೋಡೆಯಾಚೆ ಕೀಲಿಗಳ ಸದ್ದಾಯಿತು.

*

ಉಗ್ರಾಣದ ಮುಖ್ಯಸ್ಥನಿಗೆ ಎಲ್ಲರೂ ಗೊಂಚಲಪ್ಪ ಎನ್ನುತ್ತಿದ್ದರು. ಸೊಂಟದಲ್ಲಿ ಅರವತ್ತು ಕೀಲಿಯ ಗೊಂಚಲು. ಅವನು ಬರುವುದಕ್ಕೆ ಮೊದಲು ಅದು ಬರುತ್ತಿತ್ತು. ನಿವೃತ್ತಿಗೆ ಐದು ತಿಂಗಳು. ಮೇಜು ಒಪ್ಪವಾಗಿತ್ತು. ವೋಚರ್ ಪುಸ್ತಕ, ಕಾರ್ಬನ್ ಹಾಳೆ, ಕಂಬಿಗೆ ಚುಚ್ಚಿದ ಚೀಟಿಗಳ ಕಂತೆ. ಒಂದೊಂದು ಚೀಟಿಯಲ್ಲೂ ನೇರಳೆ ಬಣ್ಣದ, ಹಿಂಜಿದ ಅಕ್ಷರ. ಅವನ ಬೆರಳ ತುದಿಗಳೂ ನೇರಳೆ.

ಕಿಟಕಿಯಾಚೆ ಹ್ಯಾಂಗರಿನ ಕರಿಹಲಗೆ ಕಾಣುತ್ತಿತ್ತು. ನಾಲ್ಕು ಗಂಟೆಯ ಹಾರಾಟ: ಒಂದು, ಚಿರತೆ. ಮೂರು, ಕಡಜ. ನಾಲ್ಕು, ಮಿಂಚು. ಐದು, ಗೂಬೆ. ಪೈಲಟ್‌ಗಳು ಅಡ್ಡಹೆಸರಿನಲ್ಲೇ ಹಾರುತ್ತಾರೆ.

ಅವಳು ಪಿನ್ನಿನ ನಾಲ್ಕು ಹೋಳುಗಳನ್ನು ಅವನ ಮುಂದೆ ಸಾಲಾಗಿ ಇಟ್ಟಳು.

"ಇವುಗಳನ್ನ ಕೊಯ್ಯುವಾಗ ನೀವು ನೋಡಿದ್ರಾ?"

"ಸಹಿ ಇದೆಯಲ್ಲಮ್ಮ."

"ಸಹಿ ನೋಡಿದೆ. ನೀವು ನೋಡಿದ್ರಾ ಅಂತ ಕೇಳ್ತಿದ್ದೀನಿ."

"ಶನಿವಾರ ಒಟ್ಟಿಗೆ ಹಾಕ್ತೀವಿ. ವಾರದ ಸಾಮಾನೆಲ್ಲ ಗುಣಮಟ್ಟದವರು ಕೊಯ್ಸಿ ಇಟ್ಟಿರ್ತಾರೆ. ನಾನು ಹೋಳು ಎಣಿಸಿ ಸಹಿ ಮಾಡ್ತೀನಿ. ಮೂವತ್ತನಾಲ್ಕು ವರ್ಷದಿಂದ ಹಾಗೇ."

"ಎಣಿಸ್ತೀರಿ. ನೋಡಲ್ಲ."

"ಗರಗಸದ ಮುಂದೆ ನಿಂತ್ಕೊಂಡ್ರೆ ಕಿವಿ ಹೋಗತ್ತೆ ತಾಯಿ."

"ಬೆನ್ನುಮೂಳೆ ಮುರಿದುಕೊಂಡು ಮಲಗಿರೋನಿಗೆ ಇದನ್ನೇ ಹೇಳ್ತೀರಾ?"

ಮೇಜಿನ ಮೇಲಿದ್ದ ಅವನ ಫೋನು ಗುಂಯ್‌ಗುಟ್ಟಿತು. ಅವನು ಅದನ್ನು ಬೋರಲು ಹಾಕಿದ. "ಮಗಳು. ಊಟ ಆಯ್ತಾ ಅಂತ ಕೇಳೋಕೆ."

"ಎರಡು ಪೊಟ್ಟಣ ಪೆಟ್ಟಿಗೆ ಇಲ್ಲದೆ ಬಂತು. ಹದಿನೇಳು, ಹದಿನೆಂಟು. ಯಾರು ತಂದುಕೊಟ್ರು?"

"ಗುಣಮಟ್ಟದವರೇ. ತಯಾರಕರು ನೇರವಾಗಿ ಕಳಿಸಿದ್ದಾರೆ, ಪುಸ್ತಕಕ್ಕೆ ಏರಿಸ್ಕೊಳ್ಳಿ ಅಂದ್ರು. ಪತ್ರ ಸರಿಯಾಗಿತ್ತು. ಏರಿಸ್ಕೊಂಡೆ."

"ಸೋಮವಾರ ಪಿನ್ ಮುರೀತು. ಸೋಮವಾರವೇ ನಿಮಗೆ ಅರ್ಥವಾಗಿರತ್ತೆ. ಇವತ್ತು ಗುರುವಾರ."

ಗೊಂಚಲಪ್ಪ ಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡ. ಸದ್ದು ನಿಂತಿತು.

"ಅರ್ಥ ಆಗಿತ್ತು," ಎಂದ. "ಮೇಸ್ತ್ರಿಯನ್ನ ಎಳ್ಕೊಂಡು ಹೋಗೋದನ್ನ ಇದೇ ಕಿಟಕಿಯಿಂದ ನೋಡಿದೆ. ಬಾಯಿ ಬಿಟ್ರೆ ನಾಳೆ ನಾನು ಅಂತ ಸುಮ್ಮನಿದ್ದೆ. ಉಗೀರಿ ಬೇಕಾದ್ರೆ."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಉಗಿಯಲಿಲ್ಲ. "ಮೂರು ದಿನ ಆ ಕೋಣೆಯಲ್ಲಿ ತಿಗಣೆ ಕಾಟ ಕಣಯ್ಯಾ ಗೊಂಚಲಪ್ಪ," ಎಂದಷ್ಟೇ ಹೇಳಿದ. "ನನಗಿಂತ ಮುಂಚೆ ಬಂದು ಸೇರ್ಕೊಂಡಿದ್ವು."

"ಉಗಿಯೋಕೆ ನನಗೆ ಪುರುಸೊತ್ತಿಲ್ಲ," ಎಂದಳು ಅವಳು. "ಹದಿನೆಂಟು ಎಲ್ಲಿದೆ? ನಾಲ್ಕು ಗಂಟೆಗೆ ನಾಲ್ಕು ಜೆಟ್ ಹೊರಡತ್ತೆ. ನನಗೆ ಒಂದನ್ನ ನಿಲ್ಲಿಸೋ ಅಧಿಕಾರ ಕೊಟ್ಟಿದ್ದಾರೆ. ಒಂದೇ ಒಂದು. ಯಾವುದು ಅಂತ ನೀವು ಹೇಳ್ಬೇಕು."

"ಒಂದೇನಾ?"

"ಒಂದೇ."

ಅವನು ಕಿಟಕಿಯಾಚೆ ನೋಡಿದ. ಬಹಳ ಹೊತ್ತು ನೋಡಿದ. ಅಲ್ಲಿ ನಾಲ್ಕು ಜೆಟ್ಟುಗಳಿಗೆ ಇಂಧನ ತುಂಬುತ್ತಿದ್ದರು.

"ಚೀಟಿ ಹುಡುಕ್ಬೇಕು," ಎಂದ ಕೊನೆಗೆ. "ಪಿನ್ನಿನ ಚೀಟಿಗಳನ್ನ ಯಾರೋ ಕಂಬಿಯಿಂದ ಕಿತ್ಕೊಂಡು ಹೋಗಿದ್ದಾರೆ. ಒಂದೆರಡು ಡ್ರಾಯರಿನ ತಳಕ್ಕೆ ಬಿದ್ದಿರಬಹುದು."

ಅಷ್ಟರಲ್ಲಿ ಅವಳ ಫೋನು ಬಂತು. ಕಮಾಂಡರ್. ಕಬ್ಬಿಣದ ಬೀರುಗಳ ನಡುವೆ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಮೇಸ್ತ್ರಿಯನ್ನು ಕಾವಲಿನವನ ಜೊತೆ ಹ್ಯಾಂಗರಿಗೆ ಕಳಿಸಿ ಜ್ಯಾಕ್ ತಯಾರಿಡಲು ಹೇಳಿ, ಅವಳು ಅಂಗಳಕ್ಕೆ ಬಂದಳು.

"ಸಿಕ್ಕಿತಾ?"

"ಐದು ನಿಮಿಷ."

"ಐದರ ಮೇಲೆ ಆರನೇ ನಿಮಿಷ ಇಲ್ಲ."

ಒಳಗೆ ಬರುವಷ್ಟರಲ್ಲಿ ಡ್ರಾಯರುಗಳೆಲ್ಲ ನೆಲದ ಮೇಲಿದ್ದವು. ಗೊಂಚಲಪ್ಪ ಒಂದು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹಣೆಯಲ್ಲಿ ಬೆವರು.

"ದೇವರು ದೊಡ್ಡವನು ತಾಯಿ."

ಉಗ್ರಾಣದ ಪ್ರತಿ. ಪೊಟ್ಟಣ ಹದಿನೆಂಟು, ವಿಮಾನ ಮೂರು. ತಾರೀಕು ಸರಿ, ಸಹಿ ಸರಿ. ನೀಲಿ ಅಕ್ಷರ ದುಂಡಗೆ, ಸ್ಪಷ್ಟವಾಗಿತ್ತು. ಒಂದೇ ಓದಿಗೆ ಓದಿಸಿಕೊಂಡಿತು.

ಮೂರೂ ನಲವತ್ತೊಂದು. ಅವಳು ಅಲ್ಲಿಂದಲೇ ಫೋನು ಮಾಡಿದಳು. "ಮೂರು."

*

ನಾಲ್ಕು ಗಂಟೆಗೆ ಒಂದು, ನಾಲ್ಕು, ಐದು ಮೇಲೆದ್ದವು. ಹ್ಯಾಂಗರಿನ ತಗಡುಗಳು ನಡುಗಿ ಸುಮ್ಮನಾದವು. ಎಂಬತ್ತು ನಿಮಿಷದ ಹಾರಾಟ, ಅಷ್ಟಕ್ಕೇ ಇಂಧನ.

ಮೂರನೆಯದನ್ನು ಜ್ಯಾಕ್ ಮೇಲೆತ್ತಿ, ಒಂಬತ್ತು ಜನ ಮುತ್ತಿಕೊಂಡರು. ಮೇಸ್ತ್ರಿ ಕೆಳಗೆ ಅಂಗಾತ ಮಲಗಿ, ಒಬ್ಬೊಬ್ಬರ ವಂಶವನ್ನೂ ಜಾಲಾಡುತ್ತ, ಕೆಲಸ ಮಾಡಿಸಿದ. ಗೊಂಚಲಪ್ಪನನ್ನು ಅವಳು ಕಾವಲಿನವನ ಜೊತೆ ಅಲ್ಲಿಗೇ ಕರೆಸಿದ್ದಳು. ಕಣ್ಣೆದುರಿಗಿರಲಿ ಎಂದು. ಅವನು ಗೋಡೆಗೆ ಒರಗಿ ಕೂತಿದ್ದ. ವಿಚಿತ್ರವೆಂದರೆ, ಮೂರು ಜೆಟ್ಟುಗಳು ಹಾರಿದ ಮೇಲೆ ಅವನು ಒಮ್ಮೆಯೂ ಈ ಪಿನ್ನಿನ ಕಡೆ ನೋಡಲಿಲ್ಲ.

ನಾಲ್ಕೂ ಐವತ್ತೆರಡಕ್ಕೆ ಪಿನ್ನು ಅವಳ ಅಂಗೈಗೆ ಬಂತು. ಒರೆಸಿದಳು. ಗ್ರೀಸಿನ ತೂತಿನೊಳಗೆ ಸೂಜಿ ಹಾಕಿ ಸುತ್ತಲೂ ಕೆರೆದಳು.

ಸೂಜಿಯ ತುದಿಯಲ್ಲಿ ಗ್ರೀಸ್ ಮಾತ್ರ.

ಮತ್ತೆ ಕೆರೆದಳು. ಬಟ್ಟೆ ಸುತ್ತಿ ಕೆರೆದಳು. ದೀಪ ಹಾಕಿ ಒಳಗೆ ನೋಡಿದಳು. ತಯಾರಕರ ಗುರುತು, ಹೊಸ ಲೋಹದ ಬಿಳುಪು. ಕೆಂಪಿನ ಸುಳಿವೇ ಇಲ್ಲ.

"ಹೊಸದು," ಎಂದ ಮೇಸ್ತ್ರಿ, ಕೆಳಗಿನಿಂದಲೇ. "ಅಪ್ಪಟ ಹೊಸದು ಮೇಡಂ ಇದು."

ಅಷ್ಟರಲ್ಲಿ ಹ್ಯಾಂಗರಿನ ಬಾಗಿಲಿನಿಂದ ಉದ್ದನೆಯ ಹೆಜ್ಜೆಗಳು ಬಂದವು. ಹೆಲ್ಮೆಟ್ ಕಂಕುಳಲ್ಲಿ, ಅದರ ಮೇಲೆ ಹಳದಿ ಕಡಜದ ಚಿತ್ರ. ಹಾರಾಟ ತಪ್ಪಿದ ಸಿಟ್ಟು ಮುಖದ ತುಂಬ ಇತ್ತು. ಅವನು ತನಿಖಾಧಿಕಾರಿಯನ್ನು ದಾಟಿ, ಮೇಸ್ತ್ರಿಯನ್ನು ದಾಟಿ, ನೇರವಾಗಿ ಗೋಡೆಯ ಹತ್ತಿರ ಹೋಗಿ ನಿಂತ.

"ಏನಿದೆಲ್ಲ ಮಾವ? ಮನೆಯಿಂದ ಇವಳು ಫೋನ್ ಮೇಲೆ ಫೋನ್ ಮಾಡ್ತಿದ್ದಾಳೆ, ಅಪ್ಪ ಎತ್ತುತ್ತಿಲ್ಲ ಅಂತ. ನಿಮ್ಮ ಪಕ್ಕ ಬಂದೂಕು ಯಾಕೆ?"

ಗೊಂಚಲಪ್ಪ ಅಳಿಯನ ಮುಖ ನೋಡಲಿಲ್ಲ. ಅವನ ಕೈ ಹಿಡಿದುಕೊಂಡ. ಹಿಡಿದೇ ಇದ್ದ.

ಅವಳು ಜೇಬಿನಿಂದ ಚೀಟಿ ತೆಗೆದಳು. ಉಗ್ರಾಣದ ಪ್ರತಿ ಎಂದರೆ ಕಾರ್ಬನ್ನಿನ ಕೆಳಗಿನ ಹಾಳೆ. ಕಂಬಿಯಲ್ಲಿದ್ದ ನೂರಾರು ಚೀಟಿಗಳಲ್ಲಿ ಪ್ರತಿಯೊಂದೂ ನೇರಳೆ, ಪ್ರತಿಯೊಂದೂ ಹಿಂಜಿತ್ತು. ಇದು ನೀಲಿ. ನೇರವಾಗಿ ಪೆನ್ನಿನಿಂದ ಬರೆದದ್ದು. ಅವಳು ಅಂಗಳದಲ್ಲಿ ಫೋನು ಹಿಡಿದು ನಿಂತಿದ್ದ ಆ ಐದು ನಿಮಿಷದಲ್ಲಿ ಬರೆದದ್ದು. ಓದಲು ಸಲೀಸಾಗಿದೆ ಎಂದು ಖುಷಿಪಟ್ಟಿದ್ದಳು. ಕೇಳಿದ್ದನ್ನೇ ಕೇಳುವ ಗರಗಸ ಒಂದು ಸಲ, ಒಂದೇ ಸಲ, ಕೇಳದೆ ಬಿಟ್ಟಿದ್ದಳು.

"ಇವನು ಅವನ ಅಳಿಯ ಅಂತ ಯಾರಿಗೆ ಗೊತ್ತಿತ್ತು?"

"ಎಲ್ಲರಿಗೂ ಗೊತ್ತು ಮೇಡಂ," ಮೇಸ್ತ್ರಿ ಜ್ಯಾಕಿನ ಕೆಳಗಿನಿಂದ ಎದ್ದು ಬಂದ. "ಇವತ್ತು ಮೂರರಲ್ಲಿ ಹಾರೋನು ಇವನು ಅಂತ ಗೊತ್ತಿರ್ಲಿಲ್ಲ, ನಾನು ಹಲಗೆ ನೋಡ್ಲಿಲ್ಲ. ನೀವೂ ಕೇಳ್ಲಿಲ್ಲ."

ಅವಳು ಗೊಂಚಲಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಹದಿನೆಂಟು ಯಾವುದರಲ್ಲಿದೆ?"

"ನನಗೂ ಗೊತ್ತಿಲ್ಲ."

"ಸುಳ್ಳು."

"ಈಗ ಯಾಕಮ್ಮ ಸುಳ್ಳು ಹೇಳ್ಲಿ?" ಅವನ ದನಿಯಲ್ಲಿ ಅಳು ಇರಲಿಲ್ಲ, ಅದೇ ಕೇಳಲಾರದ ಹಾಗಿತ್ತು. "ಚೀಟಿ ನಿಜವಾಗಿಯೂ ಹೋಗಿದೆ. ನಾಲ್ಕರಲ್ಲಿ ಒಂದು ಅಂತ ಮಾತ್ರ ಗೊತ್ತಿತ್ತು. ಒಂದನ್ನ ನಿಲ್ಲಿಸಬಹುದು ಅಂತ ನೀವೇ ಅಂದ್ರಿ. ಒಂದೇನಾ ಅಂತ ಎರಡು ಸಲ ಯೋಚಿಸಿ ಕೇಳಿದೆ. ಒಂದೇ ಅಂದ್ರಿ. ಮಗಳಿಗೆ ಏಳು ತಿಂಗಳು."

ಅಳಿಯ ಮೆಲ್ಲಗೆ ಕೈ ಬಿಡಿಸಿಕೊಂಡ. ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಹೆಜ್ಜೆ. ಕರಿಹಲಗೆಯ ಕಡೆ ತಿರುಗಿದ. ಚಿರತೆ, ಮಿಂಚು, ಗೂಬೆ.

"ಗೂಬೆ ನನ್ನ ಮದುವೆಯಲ್ಲಿ ಬಡಿಸಿದ್ದ ಮಾವ," ಎಂದ. "ನಿಮ್ಮ ಎಲೆಗೂ ಬಡಿಸಿದ್ದ."

ಹ್ಯಾಂಗರಿನ ಗೋಡೆಯ ಫೋನು ಬಡಿದುಕೊಂಡಿತು. ಅವಳು ಎದ್ದು ಎತ್ತಿಕೊಂಡಳು. ಕಮಾಂಡರನಿಗೆ ಎಲ್ಲವನ್ನೂ ನಾಲ್ಕು ವಾಕ್ಯದಲ್ಲಿ ಹೇಳಿದಳು. ತನ್ನ ತಪ್ಪನ್ನೂ ಸೇರಿಸಿ.

"ಗಡಿ ಶಾಂತವಾಯ್ತು. ಮೂವರೂ ಬೇಗ ತಿರುಗಿದ್ದಾರೆ," ಎಂದ ಕಮಾಂಡರ್. "ಹದಿನಾಲ್ಕು ನಿಮಿಷದಲ್ಲಿ ಇಲ್ಲಿರ್ತಾರೆ. ಬೇರೆ ನೆಲೆಗೆ ಕಳಿಸೋಷ್ಟು ಇಂಧನ ಇಲ್ಲ. ಯಾವುದು ಅಂತ ಗೊತ್ತಿದ್ರೆ ಅವನೊಬ್ಬನಿಗೆ ಪ್ಯಾರಾಚೂಟ್ ಹಿಡಿದು ಹೊರಗೆ ಹಾರು ಅಂತಿದ್ದೆ. ಮೂರು ಜೆಟ್ಟನ್ನೂ ನೆಲಕ್ಕೆ ಬೀಳಿಸಿ ಅಂತ ಹೇಳೋಕಾಗಲ್ಲ."

"ಒಬ್ಬೊಬ್ಬರಾಗಿ ಇಳೀಲಿ. ಅಗ್ನಿಶಾಮಕ..."

"ಸೋಮವಾರ ರನ್‌ವೇ ಮೇಲಿಂದ ಅದನ್ನ ತೆಗೆಯೋಕೆ ಆರು ಗಂಟೆ ಹಿಡೀತು ಮೇಡಂ. ನನ್ನ ಹತ್ರ ಇರೋದು ಒಂದೇ ರನ್‌ವೇ. ಮೊದಲು ಇಳಿಯೋನ ಕಾಲು ಮುರಿದ್ರೆ, ಮೇಲಿರೋ ಇಬ್ಬರಿಗೆ ಜಾಗ ಇಲ್ಲ."

ಹೊರಗೆ, ರನ್‌ವೇಯ ಕಡೆ, ಅಗ್ನಿಶಾಮಕ ಗಾಡಿಗಳ ಸದ್ದು ಶುರುವಾಗಿತ್ತು. ಹ್ಯಾಂಗರಿನಲ್ಲಿದ್ದವರೆಲ್ಲ ಕತ್ತೆತ್ತಿದರು. ಗೊಂಚಲಪ್ಪ ಒಬ್ಬ ಮಾತ್ರ ಎತ್ತಲಿಲ್ಲ.

"ನೀವೇ ಒಂದು ನಂಬರ್ ಆರಿಸಿದ್ರಿ," ಎಂದ ಕಮಾಂಡರ್. "ಇನ್ನೊಂದನ್ನೂ ನೀವೇ ಆರಿಸಿ. ಮೊದಲು ಯಾರನ್ನ ಇಳಿಸಲಿ?"